ಮೀರತ್ ಮೊಕದ್ದಮೆ: ಒಂದು ತಿದ್ದುಪಡಿ

1929ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ಮಿಕ ನಾಯಕರ ಮೇಲೆ ಹೂಡಿದ ಮೀರತ್ ಒಳಸಂಚು ಮೊಕದ್ದಮೆಯ ಬಗೆಗಿನ ಲೇಖನದಲ್ಲಿ, ಆ ನಾಯಕರನ್ನು 'ವಿಚಾರಣೆಯಿಲ್ಲದೆ ಕೂಡಿಹಾಕಿದರು' ಎಂದಿದೆ. ಅದು ಸರಿಯಲ್ಲ. ವಿಚಾರಣೆಯಿಲ್ಲದ ಬಂಧನಕ್ಕೆ ಸರ್ಕಾರದ ಕೈಯಲ್ಲಿ 1818ರ 3ನೇ ರೆಗ್ಯುಲೇಷನ್ ಇತ್ತು. 1907ರಲ್ಲಿ ಲಾಲಾ ಲಜಪತ ರಾಯರನ್ನು ಬರ್ಮಾದ ಮಂಡಾಲೆಗೆ ಸಾಗಿಸಿದ್ದು ಅದರಡಿಯಲ್ಲೇ. ಮೀರತ್‌ನಲ್ಲಿ ಮಾತ್ರ ವಿಚಾರಣೆಯೇ ಶಿಕ್ಷೆಯಾಯಿತು.

1928ರಲ್ಲಿ ಮುಂಬೈ ಗಿರಣಿಗಳ ಮುಷ್ಕರ ಸುಮಾರು ಆರು ತಿಂಗಳು ನಡೆದಿತ್ತು. 1929ರ ಮಾರ್ಚ್ 20ರಂದು ಆ ಮುಷ್ಕರದ ಕೆಲವು ಮುಂದಾಳುಗಳೂ ಸೇರಿ ಹಲವು ಊರುಗಳಲ್ಲಿ ಏಕಕಾಲಕ್ಕೆ 31 ಜನರ ಬಂಧನ. ಹೊರಿಸಿದ್ದು ದಂಡ ಸಂಹಿತೆಯ 121ಎ ಕಲಮು, ಅಂದರೆ ಬ್ರಿಟಿಷ್ ದೊರೆಯ ಆಳ್ವಿಕೆಯನ್ನು ಕಿತ್ತೊಗೆಯಲು ಒಳಸಂಚು ಮಾಡಿದ ಆರೋಪ. ಅದರ ವಿವರಣೆಯನ್ನು ಓದಲೇಬೇಕು: ಒಳಸಂಚು ಸಾಬೀತಾಗಲು ಅದರಂತೆ ಯಾವುದೇ ಕೃತ್ಯ ನಡೆದಿರಬೇಕಾಗಿಲ್ಲ. ಹಾಗಾಗಿ ಪತ್ರ, ಭಾಷಣ, ಕರಪತ್ರಗಳೇ ಸಾಕ್ಷ್ಯ.

ಮೀರತ್ತೇ ಯಾಕೆ? ಮುಂಬೈ, ಕಲ್ಕತ್ತಾ ಹೈಕೋರ್ಟುಗಳಲ್ಲಾದರೆ ತಪ್ಪಿತಸ್ಥರೋ ಅಲ್ಲವೋ ಎಂದು ಹೇಳುವ ನಾಗರಿಕರ ಜ್ಯೂರಿ ಕೂರುತ್ತಿತ್ತು. ಇಲ್ಲಿ ಸಲಹೆ ಕೊಡುವ ಅಸೆಸರುಗಳಷ್ಟೇ, ಅವರ ಅಭಿಪ್ರಾಯಕ್ಕೆ ನ್ಯಾಯಾಧೀಶರು ಬದ್ಧರಾಗಿರಲಿಲ್ಲ. ಆರೋಪಿಗಳಲ್ಲಿ ಬಹುತೇಕರ ಮನೆಯೂ ಸಂಘವೂ ನೂರಾರು ಮೈಲಿ ದೂರ. ಮೊದಲು ಮ್ಯಾಜಿಸ್ಟ್ರೇಟರ ಮುಂದೆ, ಆಮೇಲೆ ಸೆಷನ್ಸ್‌ನಲ್ಲಿ ಮತ್ತೆ ಸಾಕ್ಷ್ಯ. ತೀರ್ಪು ಬಂದದ್ದು 1933ರ ಜನವರಿಯಲ್ಲಿ. ಅಷ್ಟರಲ್ಲಿ ಆರೋಪಿ ಡಿ. ಆರ್. ಥೇಂಗಡಿ ತೀರಿಕೊಂಡಿದ್ದರು. ಕಮ್ಯುನಿಸ್ಟ್ ನಾಯಕ ಮುಜಫರ್ ಅಹ್ಮದ್‌ಗೆ ಜೀವಾವಧಿ ಗಡೀಪಾರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಸ್. ವಿ. ಘಾಟೆಗೆ 12 ವರ್ಷದ ಗಡೀಪಾರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಶಿಕ್ಷೆಗಳನ್ನು ಬಹಳವಾಗಿ ಇಳಿಸಿತು. ಆದರೆ ಸಂಘಗಳು ತಮ್ಮ ಮುಂದಾಳುಗಳಿಲ್ಲದೆ ಕಳೆದ ಆ ನಾಲ್ಕು ವರ್ಷಗಳನ್ನು ಯಾವ ಮೇಲ್ಮನವಿಯೂ ಹಿಂದಿರುಗಿಸಲಿಲ್ಲ. ಘಾಟೆಯವರ ಹೆಸರನ್ನು ಲೇಖನದಲ್ಲಿ ದಯವಿಟ್ಟು ಸೇರಿಸಿ.