ಹಳೆಯ ಸ್ಪೋರ್ಟ್ಸ್ ಕಾರು, ಹೊಸ ಬಣ್ಣ ಮತ್ತು ತೀರ್ಪುಗಾರರ ಹಾಳೆ

ಕಳೆದ ಭಾನುವಾರ ಹಳೆಯ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನವೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದ್ದೆ. ಬಹುಮಾನಗಳನ್ನು ಘೋಷಿಸುವ ಹೊತ್ತಿಗೆ ನನ್ನ ಪಕ್ಕದಲ್ಲಿ ನಿಂತಿದ್ದ ಕುಟುಂಬವೊಂದು ತನ್ನ ಬೇಸರವನ್ನು ಮುಚ್ಚಿಡಲಿಲ್ಲ. ಮುಖ ನೋಡಿಕೊಳ್ಳಬಹುದು ಎನ್ನುವಷ್ಟು ಹೊಳೆಯುತ್ತಿದ್ದ ಕೆಂಪು ಜಾಗ್ವಾರ್ ಇ-ಟೈಪ್ ತನ್ನ ವಿಭಾಗದಲ್ಲಿ ಮೂರನೆಯ ಸ್ಥಾನಕ್ಕೆ ಇಳಿದಿತ್ತು. ಬಣ್ಣ ಮಾಸಿದ, ಚಾಲಕನ ಸೀಟಿನ ಚರ್ಮ ಬಿರುಕುಬಿಟ್ಟ, ಬಾಗಿಲಿನ ಅಂಚಿನಲ್ಲಿ ಲೋಹವೇ ಕಾಣುತ್ತಿದ್ದ ಬೂದು ಬಣ್ಣದ ಪೋರ್ಷೆ 356 ಒಂದು ತನ್ನ ವಿಭಾಗದಲ್ಲಿ ಮೊದಲನೆಯದಾಗಿತ್ತು. "ಇದೆಂಥ ತೀರ್ಪು?" ಎಂದು ಆ ಕುಟುಂಬದ ಹಿರಿಯರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಎರಡು ಕಾರುಗಳು ಪರಸ್ಪರ ಸ್ಪರ್ಧಿಸಿಯೇ ಇರಲಿಲ್ಲ, ಎರಡನ್ನೂ ಅಳೆದ ಕೋಲೂ ಒಂದೇ ಆಗಿರಲಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕೆಲವು ವರ್ಷಗಳ ಹಿಂದೆ ನನಗೂ ಅದು ತಿಳಿದಿರಲಿಲ್ಲ, ಮತ್ತು ತಿಳಿಯದೆ ಇದ್ದುದರಿಂದ ನಾನು ಒಂದು ಒಳ್ಳೆಯ ಕಾರಿಗೆ ಹಾನಿ ಮಾಡಿದ್ದೇನೆ. ಆ ಮಾತನ್ನು ಮುಂದೆ ಹೇಳುತ್ತೇನೆ.

ಇಂಥ ಪ್ರದರ್ಶನಗಳಲ್ಲಿ ಮೊದಲ ವಿಂಗಡಣೆ ಸಾಮಾನ್ಯವಾಗಿ ಕಾಲಮಾನ ಮತ್ತು ತಯಾರಕರನ್ನು ಅನುಸರಿಸಿರುತ್ತದೆ. ಯುದ್ಧಪೂರ್ವದ ಕಾರುಗಳು, 1946ರಿಂದ 1960ರವರೆಗಿನವು, ಅರವತ್ತರ ದಶಕದವು, ಇಂಥ ದೇಶದವು, ಇಂಥ ಕಂಪನಿಯವು ಎಂದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, 1966ರಲ್ಲಿ ಸ್ಥಾಪನೆಯಾದದ್ದು, ಕನಿಷ್ಠ 30 ವರ್ಷ ಹಳೆಯದಾದ ಮತ್ತು ಇತಿಹಾಸಕ್ಕೆ ತಕ್ಕ ಸ್ಥಿತಿಯಲ್ಲಿ ಉಳಿಸಿಕೊಂಡ ವಾಹನವನ್ನು ಮಾತ್ರ ಐತಿಹಾಸಿಕ ಎಂದು ಒಪ್ಪುತ್ತದೆ. ಈ ಭಾಗ ಸುಲಭ, ಇದರಲ್ಲಿ ಜಗಳಕ್ಕೆ ಆಸ್ಪದ ಕಡಿಮೆ. ನಿಜವಾದ ವ್ಯತ್ಯಾಸ ಹುಟ್ಟುವುದು ಎರಡನೆಯ ವಿಂಗಡಣೆಯಲ್ಲಿ. ಕಾರು ಜೀರ್ಣೋದ್ಧಾರಗೊಂಡದ್ದೋ, ಮೂಲಸ್ಥಿತಿಯಲ್ಲೇ ಉಳಿದದ್ದೋ, ದಿನವೂ ರಸ್ತೆಗಿಳಿಯುವಂಥದ್ದೋ, ರೇಸಿನಲ್ಲಿ ಓಡಿದ್ದೋ, ಮಾಲೀಕರ ಇಷ್ಟದಂತೆ ಮಾರ್ಪಟ್ಟದ್ದೋ ಎಂಬ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ತೀರ್ಪುಗಾರರ ಕೈಯಲ್ಲಿರುವ ಹಾಳೆಯೇ ಬದಲಾಗುತ್ತದೆ.

ಜೀರ್ಣೋದ್ಧಾರಗೊಂಡ ಕಾರುಗಳ ವಿಭಾಗವನ್ನು ಮೊದಲು ನೋಡೋಣ, ಏಕೆಂದರೆ ಆ ಕೆಂಪು ಇ-ಟೈಪ್ ಇದ್ದದ್ದು ಇಲ್ಲಿ. ಬಹುತೇಕ ಕಡೆ ಕಾರು ಪೂರ್ಣ ಅಂಕಗಳೊಂದಿಗೇ ಮೈದಾನಕ್ಕೆ ಬರುತ್ತದೆ, ಎಷ್ಟೋ ಕಡೆ ಅದು 100, ಅಮೆರಿಕದ ಹಳೆಯ ಕಾರುಗಳ ಸಂಘವಾದ ಎಎಸಿಎ ಪದ್ಧತಿಯಲ್ಲಿ 400. ತೀರ್ಪುಗಾರರು ದೋಷ ಕಂಡಂತೆಲ್ಲ ಕಳೆಯುತ್ತಾ ಹೋಗುತ್ತಾರೆ. ನಾನು ಆ ತಂಡದ ಹಿಂದೆ, ಅವರ ಕೆಲಸಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ, ಸುಮಾರು ಎರಡು ಗಂಟೆ ನಡೆದೆ. ಅವರು ಕಾರನ್ನು ಮುಟ್ಟುವುದಿಲ್ಲ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲವನ್ನೂ ಮಾಲೀಕರೇ ತೆರೆಯಬೇಕು. ದೀಪ, ಹಾರ್ನ್, ಇಂಡಿಕೇಟರ್‌ಗಳನ್ನು ಒಂದೊಂದಾಗಿ ಹಾಕಿ ತೋರಿಸಬೇಕು. ಇಂಜಿನ್ ಚಾಲೂ ಮಾಡಬೇಕು. ಆಮೇಲೆ ತಂಡದವರು ಮಂಡಿಯೂರಿ ಕೂರುತ್ತಾರೆ, ಚಿಕ್ಕ ಟಾರ್ಚ್ ಹಿಡಿದು, ಸಾಮಾನ್ಯ ಪ್ರೇಕ್ಷಕನ ಕಣ್ಣು ಎಂದೂ ಹೋಗದ ಜಾಗಗಳನ್ನು ನೋಡುತ್ತಾರೆ.

ಆ ಇ-ಟೈಪ್ 1961ರ ಆರಂಭದ ಕಾರು ಎಂದು ಮುಂದಿನ ಫಲಕ ಹೇಳುತ್ತಿತ್ತು. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಲೋಕಕ್ಕೆ ಕಾಣಿಸಿಕೊಂಡ ಈ ಮಾದರಿಯ ಮೊದಲ ಸುಮಾರು 500 ಕಾರುಗಳಲ್ಲಿ ಬಾನೆಟ್‌ನ ಬೀಗಗಳು ಹೊರಗಡೆ ಇದ್ದವು, ಅವನ್ನು ತೆರೆಯಲು ಬೇರೆಯದೇ ಒಂದು ಕೀಲಿ ಬೇಕಿತ್ತು. ಚಾಲಕನ ಕಾಲಡಿಯ ನೆಲವೂ ಸಪಾಟಾಗಿತ್ತು, ಕಾಲಿಗೆ ಹೆಚ್ಚು ಜಾಗ ಕೊಡುವ ತಗ್ಗು ಆಮೇಲೆ ಬಂದದ್ದು. ಈ ಗುರುತುಗಳೆಲ್ಲ ಕಾರಿನಲ್ಲಿ ಸರಿಯಾಗಿಯೇ ಇದ್ದವು. 3.8 ಲೀಟರ್ ಇಂಜಿನ್‌ಗೆ ಜೋಡಿಸಿದ ಮೂರು ಎಸ್‌ಯು ಕಾರ್ಬುರೇಟರ್‌ಗಳೂ ಸರಿಯಾಗಿದ್ದವು. ಕಾರ್ಖಾನೆ ಪ್ರತಿ ಕಾರಿಗೂ ಅಂಟಿಸಿದ ತಗಡಿನ ಮೇಲೆ ಚಾಸಿ, ಇಂಜಿನ್, ಬಾಡಿ, ಗೇರ್‌ಬಾಕ್ಸ್ ಇಷ್ಟರ ಸಂಖ್ಯೆಗಳೂ ಇರುತ್ತವೆ. ತೀರ್ಪುಗಾರರು ಇಂಜಿನ್ ಮೇಲೆ ಒತ್ತಿದ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಿದರು, ಅದೂ ಕೂಡಿತು. ಹಾಗಾದರೆ ಅಂಕ ಹೋದದ್ದೆಲ್ಲಿ? ಹೋಸ್‌ಗಳನ್ನು ಬಿಗಿದ ಕ್ಲಿಪ್ಪುಗಳು ಇಂದಿನ ಅಂಗಡಿಯವು. ಕಾರ್ಖಾನೆಯಲ್ಲಿ ಮಂದ ಹೊಳಪಿನ ಲೇಪನ ಪಡೆದಿದ್ದ ಸಣ್ಣ ಭಾಗಗಳು ಈಗ ಕ್ರೋಮ್ ಆಗಿ ಮಿನುಗುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಬಣ್ಣದ ಮೇಲೆ ದಪ್ಪನೆಯ ಪಾರದರ್ಶಕ ಪದರವಿತ್ತು, ನೀರಿನೊಳಗೆ ಇಟ್ಟಂತೆ ಕಾಣುವ ಆ ಆಳವಾದ ಹೊಳಪು 1961ರ ಯಾವ ಕಾರ್ಖಾನೆಯಿಂದಲೂ ಹೊರಬರಲು ಸಾಧ್ಯವಿರಲಿಲ್ಲ.

ಅಂದರೆ ಪ್ರೇಕ್ಷಕರು ಯಾವುದನ್ನು ಮೆಚ್ಚಿಕೊಂಡರೋ ಅದಕ್ಕೇ ಅಂಕ ಕಳೆದಿದ್ದರು. ನನ್ನ ಅಭಿಪ್ರಾಯದಲ್ಲಿ ಅದು ನ್ಯಾಯವಾದ ಕಳೆತ, ಅದನ್ನು ಇನ್ನೂ ಕಟ್ಟುನಿಟ್ಟಾಗಿ ಕಳೆಯಬೇಕು. ಎಲ್ಲ ಕಡೆ ಹಾಗೆ ಮಾಡುವುದಿಲ್ಲ. ಎಷ್ಟೋ ಪ್ರದರ್ಶನಗಳಲ್ಲಿ ಅತಿಯಾದ ಅಂದವನ್ನು ಕಂಡೂ ಕಾಣದಂತೆ ಬಿಡುತ್ತಾರೆ, ಕೆಲವೆಡೆ ಅದಕ್ಕೇ ಮಾರುಹೋಗುತ್ತಾರೆ. ಈ ವಿಷಯದಲ್ಲಿ ನಾನು ಅತ್ಯಂತ ಗೌರವಿಸುವ ಪದ್ಧತಿ ಕೊರ್ವೆಟ್ ಎಂಬ ಅಮೆರಿಕದ ಸ್ಪೋರ್ಟ್ಸ್ ಕಾರಿನ ಪುನರುದ್ಧಾರಕರ ಸಂಘದ್ದು, ಎನ್‌ಸಿಆರ್‌ಎಸ್ ಎಂದು ಕರೆಯುವ, 1974ರಲ್ಲಿ ಆರಂಭವಾದ ಸಂಘ. ಅವರ ಹಾಳೆಯಲ್ಲಿ ಒಟ್ಟು ಅಂಕಗಳು 4,500ಕ್ಕೂ ಹೆಚ್ಚು, ಅವರ ಉನ್ನತ ಪ್ರಶಸ್ತಿಯಾದ ಟಾಪ್ ಫ್ಲೈಟ್‌ಗೆ ಶೇ. 94 ಬೇಕು. ಕಾರ್ಖಾನೆಯ ಬಾಗಿಲು ದಾಟಿದ ದಿನ ಕಾರು ಹೇಗಿತ್ತು ಎಂಬುದೊಂದೇ ಅವರ ಅಳತೆ. ಕೊರ್ವೆಟ್ ತಯಾರಾಗುತ್ತಿದ್ದ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಫೈಬರ್‌ಗ್ಲಾಸ್ ಬಾಡಿಗಳಿಗೆ ಹೊಡೆಯುತ್ತಿದ್ದ ಲ್ಯಾಕರ್ ಬಣ್ಣ ಎಲ್ಲೆಡೆ ಒಂದೇ ಸಮನಾಗಿ ಇರುತ್ತಿರಲಿಲ್ಲ, ಜೋಡಣೆಯ ಗೆರೆಗಳು ಅಲ್ಲಲ್ಲಿ ಕಾಣುತ್ತಿದ್ದವು, ತಪಾಸಣೆಗಾರರು ಬಳಪದಲ್ಲಿ ಗೀಚಿದ ಗುರುತುಗಳು ಹಾಗೆಯೇ ಉಳಿದಿರುತ್ತಿದ್ದವು. ಅವನ್ನೆಲ್ಲ ಉಜ್ಜಿ ನಯಗೊಳಿಸಿದ ಕಾರು ಅಲ್ಲಿ ಅಂಕ ಕಳೆದುಕೊಳ್ಳುತ್ತದೆ. ಹಳೆಯ ಓಲೆಗರಿಯ ಪ್ರತಿ ಮಾಡುವವನು ತನಗೆ ತಪ್ಪೆಂದು ತೋರಿದ ಪದವನ್ನು ತಿದ್ದಿ ಬರೆದರೆ ಮೂಲಪಾಠ ಏನಿತ್ತೆಂದು ಮುಂದಿನವರಿಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಹೆಚ್ಚು ಚೆಂದ ಮಾಡಲು ಹೊರಟ ಜೀರ್ಣೋದ್ಧಾರವೂ ಅದನ್ನೇ ಮಾಡುತ್ತದೆ, ಎಷ್ಟೇ ಪ್ರೀತಿಯಿಂದ ಮಾಡಿದ್ದರೂ.

ಇನ್ನು ಆ ಬೂದು ಬಣ್ಣದ 356. ಅದು ಇದ್ದದ್ದು ಸಂರಕ್ಷಣಾ ವಿಭಾಗದಲ್ಲಿ. ಇಲ್ಲಿ ತೀರ್ಪುಗಾರರು ಹುಡುಕುವುದು ಉಳಿದುಕೊಂಡದ್ದನ್ನು: ಮೊದಲ ಬಣ್ಣ ಎಷ್ಟು ಭಾಗ ಇದೆ, ಸೀಟಿನ ಹೊದಿಕೆ ಅದೇ ಹೌದೇ, ಗಾಜಿನ ಮೇಲಿನ ತಯಾರಿಕೆಯ ಗುರುತು ಕಾರಿನ ವಯಸ್ಸಿಗೆ ಹೊಂದುತ್ತದೆಯೇ, ವೈರುಗಳು ಮೊದಲಿನವೇ. ಅಂದು ನಾನು ಕಲಿತ ಒಂದು ಸಂಗತಿ ಈಗಲೂ ತಲೆಯಲ್ಲಿ ಸುತ್ತುತ್ತಿದೆ. 356ರ ಬಾಗಿಲು, ಮುಂದಿನ ಮುಚ್ಚಳ ಮತ್ತು ಇಂಜಿನ್ ಮುಚ್ಚಳಗಳನ್ನು ಆಯಾ ಕಾರಿನ ಬಾಡಿಗೆ ಕೈಯಿಂದಲೇ ಸೀಸ ತುಂಬಿ ಹೊಂದಿಸುತ್ತಿದ್ದರು, ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಆದ್ದರಿಂದ ಅವು ಬೇರೆಯಾಗದಿರಲೆಂದು ಚಾಸಿ ಸಂಖ್ಯೆಯ ಕೊನೆಯ ಅಂಕೆಗಳನ್ನು ಪ್ರತಿಯೊಂದರ ಮೇಲೂ ಒತ್ತುತ್ತಿದ್ದರು. ಮಾಲೀಕರು ಬಾಗಿಲು ತೆರೆದರು, ತೀರ್ಪುಗಾರ್ತಿ ಟಾರ್ಚ್ ಬೆಳಕನ್ನು ಕೀಲಿನ ಬಳಿ ಹಾಯಿಸಿದರು, ಆ ಪುಟ್ಟ ಅಂಕೆಗಳು ಕಂಡವು. ಎಡ ಬಾಗಿಲು, ಬಲ ಬಾಗಿಲು, ಎರಡು ಮುಚ್ಚಳ, ನಾಲ್ಕೂ ಒಂದೇ ಸಂಖ್ಯೆ. ಅಷ್ಟು ವರ್ಷಗಳಲ್ಲಿ ಆ ನಾಲ್ಕು ತುಂಡುಗಳು ತಮ್ಮ ಕಾರನ್ನು ಬಿಟ್ಟು ಹೋಗಿರಲಿಲ್ಲ. ಬಾಗಿಲಿನ ಅಂಚಿನಲ್ಲಿ ಲೋಹ ಕಂಡದ್ದು ಅಲ್ಲಿ ದೋಷವಾಗಿ ದಾಖಲಾಗಲಿಲ್ಲ, ಸಾವಿರಾರು ಸಲ ಕೈ ತಾಗಿ ಬಣ್ಣ ಸವೆದದ್ದು ಅದು. ಆದರೆ ನಿರ್ಲಕ್ಷ್ಯ ಬೇರೆ, ಸವೆತ ಬೇರೆ ಎಂಬುದನ್ನೂ ಅವರು ನೋಡುತ್ತಾರೆ: ತುಕ್ಕು ಬೆಳೆಯಲು ಬಿಟ್ಟಿದ್ದರೆ, ಇಂಜಿನ್ ಚಾಲೂ ಆಗದಿದ್ದರೆ, ಹಳೆಯದು ಎಂಬ ನೆಪ ನಡೆಯುವುದಿಲ್ಲ.

ಈ ವಿಭಾಗ ಬಹಳ ಹಳೆಯದೇನೂ ಅಲ್ಲ. ಕ್ಯಾಲಿಫೋರ್ನಿಯಾದ ಪೆಬ್ಬಲ್ ಬೀಚ್ ಪ್ರದರ್ಶನ 1950ರಲ್ಲೇ ಆರಂಭವಾದರೂ ಮೂಲಸ್ಥಿತಿಯ ಕಾರುಗಳಿಗೆ ಪ್ರತ್ಯೇಕ ವಿಭಾಗ ಅಲ್ಲಿ ಬಂದದ್ದು ದಶಕಗಳ ನಂತರ. ಅಂಥ ಕಾರೊಂದು ಇಡೀ ಪ್ರದರ್ಶನದ ಸರ್ವಶ್ರೇಷ್ಠ ಎನಿಸಿಕೊಳ್ಳಲು 2024ರವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದದ್ದು 1934ರ ಬುಗಾಟಿ ಟೈಪ್ 59: ಮೊದಲು ಗ್ರಾಂಡ್ ಪ್ರೀ ರೇಸುಗಳಲ್ಲಿ ಓಡಿ, ಆಮೇಲೆ ಸ್ಪೋರ್ಟ್ಸ್ ಕಾರಾಗಿ ಮಾರ್ಪಟ್ಟು, ಬೆಲ್ಜಿಯಂನ ದೊರೆ ಮೂರನೆಯ ಲಿಯೋಪೋಲ್ಡ್ ಅವರ ಕೈಸೇರಿದ ಕಾರು. ಕಪ್ಪು ಮೈಯ ಮೇಲೆ ಹಳದಿ ಪಟ್ಟಿಯ ಆ ಮಾಸಲು ಬಣ್ಣವನ್ನು ಯಾರೂ ಹೊಸತು ಮಾಡದೆ ಉಳಿಸಿದ್ದರು. ಆ ಸುದ್ದಿ ಓದಿದ ದಿನ ನನಗೆ ಸ್ವಂತದವರಿಗೆ ಬಹುಮಾನ ಬಂದಷ್ಟು ಸಂತೋಷವಾಗಿತ್ತು.

ಉಳಿದ ವಿಭಾಗಗಳ ಬಗ್ಗೆ ಇಷ್ಟು ವಿವರ ಬೇಕಿಲ್ಲ. ರಸ್ತೆಯಲ್ಲಿ ನಿಯಮಿತವಾಗಿ ಓಡುವ ಕಾರುಗಳಿಗೆ ಬೇರೆ ವಿಭಾಗ ಇಡುವುದು ಒಳ್ಳೆಯ ಪದ್ಧತಿ. ಅಲ್ಲಿ ಚಾಸಿಯ ಅಡಿಯ ಧೂಳಿಗೋ ಇಂಜಿನ್ ಮೇಲಿನ ಎಣ್ಣೆಗೋ ಕಠಿಣ ಶಿಕ್ಷೆ ಇರುವುದಿಲ್ಲ. ಪೆಬ್ಬಲ್ ಬೀಚ್‌ನಲ್ಲಿ ಪ್ರದರ್ಶನಕ್ಕೆ ಮೊದಲು ಒಂದು ರಸ್ತೆ ಸವಾರಿ ಇರುತ್ತದೆ, ವಿಭಾಗದಲ್ಲಿ ಎರಡು ಕಾರುಗಳ ಅಂಕ ಸಮನಾದರೆ ಆ ಸವಾರಿಯನ್ನು ಪೂರೈಸಿದ ಕಾರು ಮೇಲಾಗುತ್ತದೆ. ಕಾರು ಓಡಬೇಕು ಎಂಬುದಕ್ಕೆ ಅಷ್ಟಾದರೂ ಬೆಲೆ ಸಿಕ್ಕಿರುವುದು ಸಮಾಧಾನದ ವಿಷಯ. ರೇಸ್ ಕಾರುಗಳಲ್ಲಿ ಸಂಖ್ಯೆಗಳ ತಾಳೆಯ ಮಹತ್ವ ಕುಗ್ಗುತ್ತದೆ, ಏಕೆಂದರೆ ಓಡುತ್ತಿದ್ದ ಕಾಲದಲ್ಲೇ ಅವುಗಳ ಇಂಜಿನ್ ಎಷ್ಟೋ ಸಲ ಬದಲಾಗಿರುತ್ತದೆ. ಅಲ್ಲಿ ಯಾವ ವರ್ಷದ, ಯಾವ ಸ್ಪರ್ಧೆಯ ರೂಪದಲ್ಲಿ ಕಾರನ್ನು ನಿಲ್ಲಿಸಿದ್ದಾರೆ, ಅದಕ್ಕೆ ಛಾಯಾಚಿತ್ರ ಮತ್ತು ದಾಖಲೆಯ ಆಧಾರವಿದೆಯೇ ಎಂಬುದೇ ಮುಖ್ಯ. ಮಾರ್ಪಡಿಸಿದ ಕಾರುಗಳನ್ನು ಕೆಲಸದ ಕುಶಲತೆ ನೋಡಿ ಅಳೆಯುತ್ತಾರೆ, ಅವು ಪ್ರತ್ಯೇಕ ಸಾಲಿನಲ್ಲಿ ನಿಲ್ಲುವುದು ಎಲ್ಲರಿಗೂ ಕ್ಷೇಮ.

ಸೊಬಗನ್ನು ಅಳೆಯುವುದು ಮಾತ್ರ ಬೇರೆಯದೇ ಕಲೆ. ಇಟಲಿಯ ಕೋಮೋ ಸರೋವರದ ದಡದಲ್ಲಿ 1929ರಲ್ಲಿ ಮೊದಲ ಸಲ ನಡೆದ ವಿಲ್ಲಾ ದೆಸ್ತೆ ಪ್ರದರ್ಶನದಲ್ಲಿ ತೀರ್ಪುಗಾರರು ಕೊಡುವ ಸರ್ವಶ್ರೇಷ್ಠ ಪ್ರಶಸ್ತಿಯೇ ಬೇರೆ, ಪ್ರೇಕ್ಷಕರ ಮತದಿಂದ ಸಲ್ಲುವ ಕೊಪ್ಪಾ ದೋರೋ ಎಂಬ ಚಿನ್ನದ ಬಟ್ಟಲೇ ಬೇರೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎರಡಕ್ಕೂ ಮಾನ ಕೊಟ್ಟದ್ದು ನನಗೆ ಬಹಳ ಸರಿಯೆನಿಸುತ್ತದೆ. ಕಣ್ಣಿಗೆ ಹಿಡಿಸಿದ ಕಾರಿಗೆ ಮತ ಹಾಕುವ ಹಕ್ಕು ಆ ಬೇಸರಗೊಂಡ ಕುಟುಂಬಕ್ಕೂ ಇರಬೇಕು, ಆ ಕೆಂಪು ಇ-ಟೈಪ್ ಅಂಥ ಬಹುಮಾನವನ್ನು ಖಂಡಿತ ಗೆಲ್ಲುತ್ತಿತ್ತು.

ಆಯೋಜಕರಲ್ಲಿ ನನ್ನದೊಂದು ಕೋರಿಕೆ ಇದೆ. ಪ್ರತಿ ಕಾರಿನ ಮುಂದಿನ ಫಲಕದಲ್ಲಿ ಹೆಸರು, ವರ್ಷ, ಇಂಜಿನ್ ಗಾತ್ರ ಬರೆಯುತ್ತೀರಿ. ಅದರ ಕೆಳಗೆ ಕಾರು ಯಾವ ವಿಭಾಗದಲ್ಲಿದೆ, ಆ ವಿಭಾಗದಲ್ಲಿ ಏನನ್ನು ನೋಡುತ್ತಾರೆ ಎಂದು ಎರಡೇ ಸಾಲು ಬರೆಯಿರಿ. ಫಲಿತಾಂಶದ ನಂತರ ಎಲ್ಲಿ ಅಂಕ ಹೋಯಿತೆಂದು ಮಾಲೀಕರಿಗೆ ಗುಟ್ಟಾಗಿ ಕೊಡುವ ಹಾಳೆಯನ್ನು, ಅವರು ಒಪ್ಪಿದರೆ, ಎಲ್ಲರಿಗೂ ತೋರಿಸಿರಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಪ್ರೇಕ್ಷಕನಿಗೆ ತಿಳಿಯದೆ ಹೋದರೆ ಅವನು ಹೊಳಪನ್ನೇ ಮೆಚ್ಚುತ್ತಾನೆ, ಮೆಚ್ಚುಗೆ ಹೊಳಪಿಗೇ ಸಿಗುತ್ತಿದ್ದರೆ ಮಾಲೀಕರು ಹೊಳಪನ್ನೇ ಹಚ್ಚುತ್ತಾರೆ, ಒಂದು ಸಲ ಉಜ್ಜಿಹೋದ ಮೊದಲ ಬಣ್ಣವನ್ನು ಯಾವ ಹಣವೂ ಮರಳಿ ತರುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಲವು ವರ್ಷಗಳ ಹಿಂದೆ ಗೆಳೆಯರೊಬ್ಬರಿಗೆ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದು ಸಿಕ್ಕಿತು, ಮೊದಲ ವರ್ಷಗಳ ಕಾರು, 1965ರಲ್ಲಿ ಒತ್ತುಗುಂಡಿಯ ಹಿಡಿಕೆ ಬರುವ ಮೊದಲು ಇರುತ್ತಿದ್ದ ಎಳೆಯುವ ಹಿಡಿಕೆಗಳು ಅದರ ಬಾಗಿಲುಗಳಿಗಿದ್ದವು. ಬಣ್ಣ ಮಾಸಿತ್ತು, ಆದರೆ ಕಾರ್ಖಾನೆಯದ್ದೇ ಆಗಿತ್ತು. ಅವರು ಹಾಗೆಯೇ ಇಟ್ಟುಕೊಳ್ಳಬೇಕೆಂದಿದ್ದರು. ಒತ್ತಾಯ ಮಾಡಿದವನು ನಾನು. ಪ್ರದರ್ಶನಕ್ಕೆ ಒಯ್ಯಬೇಕಾದರೆ ಹೀಗೆ ಬಿಡಲಾಗದು ಎಂದು ಹೇಳಿ, ಮೂರು ವಾರಾಂತ್ಯ ಅವರೊಂದಿಗೆ ಕೂತು, ಆ ಬಣ್ಣವನ್ನು ಲೋಹ ಕಾಣುವವರೆಗೆ ನನ್ನ ಕೈಯಾರೆ ಉಜ್ಜಿ ತೆಗೆದೆ. ಹೊಸ ಬಣ್ಣ ಬಹಳ ಚೆನ್ನಾಗಿ ಬಂತು, ನೋಡಿದವರೆಲ್ಲ ಹೊಗಳಿದರು. ಸಂರಕ್ಷಣಾ ವಿಭಾಗದ ಬಾಗಿಲು ಆ ಕಾರಿಗೆ ಅಂದೇ ಮುಚ್ಚಿತು.

ಭಾನುವಾರ ರಾತ್ರಿ ಅವರಿಗೆ ಫೋನ್ ಮಾಡಿ 356ರ ಬಾಗಿಲಿನ ಅಂಕೆಗಳ ವಿಷಯ ಹೇಳಿದೆ, ನನ್ನ ಪಶ್ಚಾತ್ತಾಪವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗದ ಹಿಂದೆ, ನಮ್ಮಿಬ್ಬರ ಕೈಯೂ ತಲುಪದ ಒಂದು ಮೂಲೆಯಲ್ಲಿ, ಅಂಗೈಯಗಲದ ಹಳೆಯ ಬಣ್ಣ ಹಾಗೆಯೇ ಉಳಿದಿದೆ ಎಂದರು. ಅದನ್ನು ಒರೆಸಲು ಕೂಡ ಇನ್ನು ಯಾರಿಗೂ ಬಿಡುವುದಿಲ್ಲವಂತೆ.