ನಾಯಿಗೆ ಚಿಕನ್ ರೈಸ್, ಮಗುವಿಗೆ ಬಿಸಿಯೂಟ

2025ರ ಜುಲೈನಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿ ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕಲು ಟೆಂಡರ್ ಕರೆದಾಗ ಎದ್ದ ಗಲಾಟೆ ನೆನಪಿದೆ ಅಲ್ವಾ? ಸುಮಾರು 5 ಸಾವಿರ ನಾಯಿ, 2.88 ಕೋಟಿ ರೂಪಾಯಿ. ಒಂದು ನಾಯಿಗೆ ದಿನಕ್ಕೆ 22 ರೂಪಾಯಿ ಅಂತ ಸುದ್ದಿಯಾಯಿತು. ಬಿಸಿಯೂಟದಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೆ ಅಡುಗೆ ಸಾಮಾನಿನ ಖರ್ಚು ಅಂತ ಆಗ ಇಟ್ಟಿದ್ದದ್ದು ದಿನಕ್ಕೆ 6.78 ರೂಪಾಯಿ. "ಮಕ್ಕಳಿಗಿಂತ ನಾಯಿ ಹೆಚ್ಚಾಯ್ತಾ?" ಅಂತ ಎಲ್ಲರೂ ಕೇಳಿದರು.

ಆ ಯೋಜನೆ ನನಗೂ ಒಪ್ಪಿಗೆ ಇಲ್ಲ. ಆದರೆ ಈ ಹೋಲಿಕೆ ಸರಿಯಲ್ಲ. 6.78ರಲ್ಲಿ ಅಕ್ಕಿಯ ಬೆಲೆ ಸೇರಿಲ್ಲ. ಬಿಸಿಯೂಟದ ದುಡ್ಡು ಕೊಡುವುದು ಕೇಂದ್ರ ಮತ್ತು ರಾಜ್ಯ ಸರ್ಕಾರ, ಪಾಲಿಕೆಯಲ್ಲ. ನಾಯಿಯ ಅನ್ನ ನಿಲ್ಲಿಸಿದರೆ ಮಗುವಿನ ತಟ್ಟೆಗೆ ಒಂದು ತುತ್ತೂ ಜಾಸ್ತಿ ಬೀಳುವುದಿಲ್ಲ. ಆ ವರ್ಷ ಪಾಲಿಕೆಯ ಬಜೆಟ್ 19 ಸಾವಿರ ಕೋಟಿಗೂ ಮೇಲೆ. ಅದರಲ್ಲಿ ನಾಯಿಗಳ ಊಟದ ಪಾಲು ನೂರು ರೂಪಾಯಿಗೆ ಎರಡು ಪೈಸೆಯೂ ಇಲ್ಲ. ಬಿಸಿಯೂಟದ ದುಡ್ಡು ಸಾಲದು ಅನ್ನುವುದು ನಿಜ. ಅದನ್ನು ಸರ್ಕಾರದ ಹತ್ತಿರ ಜಗಳವಾಡಿಯೇ ಕೇಳಬೇಕು.

ನನ್ನ ತಕರಾರು ಬೇರೆ. 2023ರ ಗಣತಿ ಪ್ರಕಾರ ಬೆಂಗಳೂರಿನ ಬೀದಿನಾಯಿಗಳು 2.79 ಲಕ್ಷ. 5 ಸಾವಿರಕ್ಕೆ ಊಟ ಹಾಕಿದರೆ ನೂರಕ್ಕೆ ಎರಡು ನಾಯಿಯ ಹೊಟ್ಟೆ ತುಂಬುತ್ತದೆ, ಅಷ್ಟೇ. ಊಟ ಹಾಕಿದರೆ ನಾಯಿಯನ್ನು ಲಸಿಕೆಗೆ, ಆಪರೇಷನ್‌ಗೆ ಹಿಡಿಯುವುದು ಸುಲಭ ಎಂಬ ಮಾತು ಒಪ್ಪುತ್ತೇನೆ. ದಿನಾ ಅನ್ನ ಹಾಕುವವರ ಕೈಗೆ ನಾಯಿ ಬರುತ್ತದೆ, ಪಾಲಿಕೆಯ ವ್ಯಾನ್ ಕಂಡರೆ ಓಡುತ್ತದೆ. ಆದರೆ ಆ ಕೆಲಸವನ್ನು ಎಷ್ಟೋ ಬೀದಿಗಳಲ್ಲಿ ಜನ ಸ್ವಂತ ದುಡ್ಡಿನಲ್ಲೇ ಮಾಡುತ್ತಿದ್ದಾರೆ. ಅವರನ್ನು ಜೊತೆಗೆ ಸೇರಿಸಿಕೊಂಡು, ಈ ಕೋಟಿಗಳನ್ನು ಲಸಿಕೆಗೆ, ಸಂತಾನಹರಣಕ್ಕೆ ಹಾಕಬೇಕು.

ಯಾಕಂದರೆ ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಅದು ಮನುಷ್ಯರಿಗೆ ಬರುವುದು ಬಹುಪಾಲು ನಾಯಿ ಕಡಿತದಿಂದ, ಅದರಲ್ಲೂ ಮಕ್ಕಳಿಗೆ ಜಾಸ್ತಿ. ಬೇಲಿ, ಗೇಟು ಏನೂ ಇಲ್ಲದ ಶೆಡ್ಡುಗಳ ಮುಂದೆ ಆಡುವ ಬಡವರ ಮಕ್ಕಳು. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ. ಗೋವಾದವರು ಬೀದಿ ಬೀದಿಗೆ ಬಲೆ ಹಿಡಿದು ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು. 2021ರಲ್ಲಿ ದೇಶದ ಮೊದಲ ರೇಬೀಸ್ ನಿಯಂತ್ರಿತ ರಾಜ್ಯ ಅನ್ನಿಸಿಕೊಂಡರು. ನಾಯಿಗೆ ಹಾಕಿದ ಆ ಚುಚ್ಚುಮದ್ದನ್ನು ನಾನು ಮಕ್ಕಳ ಆರೋಗ್ಯದ ಖರ್ಚು ಅಂತಲೇ ಲೆಕ್ಕ ಹಿಡಿಯುತ್ತೇನೆ.

ಬಿಬಿಎಂಪಿ ಹೋಗಿ ಬೆಂಗಳೂರಿಗೆ ಈಗ ಐದು ಪಾಲಿಕೆ. ಯಾವ ವಾರ್ಡಿನಲ್ಲಿ ಎಷ್ಟು ನಾಯಿ, ಎಷ್ಟಕ್ಕೆ ಲಸಿಕೆ, ಎಷ್ಟಕ್ಕೆ ಆಪರೇಷನ್ ಅಂತ ಐದೂ ಪಾಲಿಕೆಗಳು ತಿಂಗಳು ತಿಂಗಳು ಹೇಳಲಿ. ನಾಯಿ ಕಚ್ಚಿದ ಆಳದ ಗಾಯಕ್ಕೆ ಬರೀ ಲಸಿಕೆ ಸಾಲುವುದಿಲ್ಲ, ಇಮ್ಯುನೊಗ್ಲಾಬ್ಯುಲಿನ್ (ರೋಗಾಣು ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಕೂಡ ಬೇಕು. ನಿಮ್ಮ ಏರಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಇದೆಯಾ ಅಂತ ಒಮ್ಮೆ ವಿಚಾರಿಸಿ. ಇಲ್ಲ ಅಂದರೆ ಇಲ್ಲಿ ಬರೆಯಿರಿ, ಸೇರಿ ಅರ್ಜಿ ಕೊಡೋಣ.