ಹಸಿವಿಲ್ಲದ ಮೀನಿಗೆ ಗರಿಯ ಹುಳು

ಐರ್ಲೆಂಡಿನ ಶಾನನ್ ನದಿಯ ದಂಡೆಯಲ್ಲಿ, ಲಿಮರಿಕ್ ನಗರದಿಂದ ಹತ್ತು ಹನ್ನೊಂದು ಕಿಲೋಮೀಟರು ಮೇಲಕ್ಕೆ, ಕ್ಯಾಸಲ್‌ಕಾನೆಲ್ ಎಂಬ ಹಳ್ಳಿಯಿದೆ. ಉದ್ಯೋಗದ ನಿಮಿತ್ತ ಬಂದು ಇಲ್ಲಿ ನೆಲೆಸಿದ ಹೊಸತರಲ್ಲಿ ನನ್ನನ್ನು ಬಹಳ ಕಾಡಿದ ಪ್ರಶ್ನೆಯೆಂದರೆ, ಬೆಳಗಿನ ಚಳಿಯಲ್ಲಿ ಸೊಂಟಮಟ್ಟದ ನೀರಿಗಿಳಿದು, ಮಧ್ಯಾಹ್ನದ ಮಳೆಯಲ್ಲಿ ತೊಯ್ದು, ಸಂಜೆ ಬರಿಗೈಯಲ್ಲಿ ಮನೆಗೆ ಮರಳುವ ಗಾಳಗಾರರ ಮುಖದಲ್ಲಿ ಅಷ್ಟೊಂದು ನೆಮ್ಮದಿ ಎಲ್ಲಿಂದ ಬರುತ್ತದೆ ಎಂಬುದು. ನಾನು ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವನಲ್ಲ. ಮೀನೆಂದರೆ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮಂಡಕ್ಕಿ ಎರಚಿದಾಗ ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುವ ಜೀವ ಎಂದಷ್ಟೇ ತಿಳಿದವನು. ಅಲ್ಲಿ ಮೀನಿಗೆ ಹಸಿವಿದೆ, ಹಿಡಿಯುವವರಿಲ್ಲ. ಇಲ್ಲಿ ಹಿಡಿಯುವವರು ಸಾಲುಗಟ್ಟಿ ನಿಂತಿದ್ದಾರೆ, ಆದರೆ ಮೀನಿಗೆ ಹಸಿವೇ ಇಲ್ಲ ಎಂಬ ವಿಷಯ ನನಗೆ ತಿಳಿದದ್ದು ಪಕ್ಕದ ಮನೆಯ ಹಿರಿಯರಿಂದ.

ಅವರು ಎಪ್ಪತ್ತು ದಾಟಿದವರು, ಮಾತು ಕಡಿಮೆ. ಆದರೆ ಸಾಲ್ಮನ್ ಮೀನಿನ ಪ್ರಸ್ತಾಪ ಬಂದರೆ ಬೇಲಿಯ ಆಚೆ ನಿಂತೇ ಅರ್ಧ ಗಂಟೆ ಮಾತಾಡಿಯಾರು. ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ಕಡಲಿಗಿಳಿದು, ಅಟ್ಲಾಂಟಿಕ್ಕಿನ ಉತ್ತರದ ತಣ್ಣೀರಿನಲ್ಲಿ ಒಂದೆರಡು ವರ್ಷ ತಿಂದು ಕೊಬ್ಬಿ, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಯನ್ನೇ ಅದರ ನೀರಿನ ವಾಸನೆಯಿಂದ ಗುರುತಿಸಿ ಹಿಂದಿರುಗುತ್ತದೆಂದು ಅವರು ಹೇಳಿದಾಗ ನಾನು ತಲೆದೂಗಿದೆ. ಆದರೆ ಹೊಳೆಗೆ ಬಂದ ಮೇಲೆ ಅದು ಆಹಾರ ಮುಟ್ಟುವುದೇ ಇಲ್ಲ, ತಿಂಗಳುಗಟ್ಟಲೆ ಮೈಯ ಕೊಬ್ಬಿನ ಮೇಲೆಯೇ ಬದುಕುತ್ತದೆ, ಅದರ ಹೊಟ್ಟೆಯೂ ಕುಗ್ಗಿಹೋಗುತ್ತದೆ ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಏಕಾದಶಿಯ ನಿರ್ಜಲ ಉಪವಾಸ ಹಿಡಿದವರ ಮುಂದೆ ದಿನವಿಡೀ ಮೇಣದ ಹಣ್ಣಿನ ತಟ್ಟೆ ಹಿಡಿದು ನಿಂತಂತಾಯಿತಲ್ಲ ಇದು! ಮತ್ತೆ ಅದು ಗಾಳ ಕಚ್ಚುವುದೇಕೆ ಎಂದು ಕೇಳಿದೆ. ಸಿಟ್ಟಿಗೆ ಎನ್ನುವವರಿದ್ದಾರೆ, ಕುತೂಹಲಕ್ಕೆ ಎನ್ನುವವರಿದ್ದಾರೆ, ಮರಿಯಾಗಿದ್ದಾಗ ಹುಳು ಹಿಡಿದ ಹಳೆಯ ಅಭ್ಯಾಸ ಮರುಕಳಿಸುತ್ತದೆ ಎನ್ನುವವರೂ ಇದ್ದಾರೆ, ಮೀನನ್ನು ಮಾತ್ರ ಯಾರೂ ಕೇಳಿಲ್ಲ ಎಂದು ಅವರು ನಕ್ಕರು.

ಮೇಣದ ಹಣ್ಣು ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ಸಾಲ್ಮನ್ನಿಗೆ ಒಡ್ಡುವ 'ಫ್ಲೈ' ಹೆಸರಿಗೆ ನೊಣ. ಗಾಳದ ಕೊಕ್ಕೆಗೆ ಗರಿ, ತುಪ್ಪಟ, ರೇಷ್ಮೆ, ಜರಿಯೆಳೆಗಳನ್ನು ದಾರದಿಂದ ಬಿಗಿದು ಮಾಡಿದ ಆ ವಸ್ತು ಭೂಮಿಯ ಮೇಲಿನ ಯಾವ ಕೀಟವನ್ನೂ ಹೋಲುವುದಿಲ್ಲ. ಒಂದು ಸಂಜೆ ಅವರು ತಮ್ಮ ತಂದೆಯ ಕಾಲದ ತಗಡಿನ ಡಬ್ಬಿ ತೆರೆದು ತೋರಿಸಿದಾಗ, ಕಪ್ಪು ಗರಿಯ ತುದಿಯಲ್ಲಿ ಅರಗು ತೊಟ್ಟಿಕ್ಕಿದಂತೆ ಹೊಳೆಯುವ ಬಿಳಿ ಹಳದಿ ಚುಕ್ಕೆಯೊಂದು ಕಣ್ಣಿಗೆ ಬಿತ್ತು. ಅದನ್ನು ನಾನು ಬಲ್ಲೆ. ಅದು ನಮ್ಮ ಮಲೆನಾಡಿನ ಕಾಡುಕೋಳಿಯ ಹುಂಜದ ಕುತ್ತಿಗೆಯ ಗರಿ. ವಿಕ್ಟೋರಿಯಾ ರಾಣಿಯ ಕಾಲದಿಂದಲೂ ಸಾಲ್ಮನ್ ನೊಣಗಳಿಗೆ ಕೆನ್ನೆಯಾಗಿ ಕಟ್ಟಲು ದಕ್ಷಿಣ ಭಾರತದ ಕಾಡುಕೋಳಿಗಳ ಕುತ್ತಿಗೆ ಚರ್ಮಗಳು ಹಡಗೇರಿ ಹೋಗುತ್ತಿದ್ದವು. ಭಾರತ ಆ ರಫ್ತನ್ನು ನಿಷೇಧಿಸಿದ ಮೇಲೆ ಅಲ್ಲಲ್ಲಿ ಸಾಕಿದ ಕೋಳಿಗಳಿಂದ ಕೆಲಸ ಸಾಗುತ್ತಿದೆ. ಘಟ್ಟದ ಬಿದಿರುಮೆಳೆಯಲ್ಲಿ ಬೆಳಗಾಗುವ ಮುನ್ನ ಕೂಗುವ ಹಕ್ಕಿಯ ಗರಿಯನ್ನು, ಹಸಿವಿಲ್ಲದ ಐರಿಷ್ ಮೀನೊಂದು ಸಿಟ್ಟಿನಿಂದ ಕಚ್ಚಬೇಕೆಂದು ಯಾರಿಗೆ ಮೊದಲು ಹೊಳೆಯಿತೋ! ಹಿರಿಯರಿಗೆ ಆ ಹುಂಜದ ಕೂಗನ್ನು ಅನುಕರಿಸಿ ತೋರಿಸಿದೆ. ಅವರ ನಾಯಿ ಎದ್ದು ಹೊರಗೆ ಹೋಯಿತು.

ಈ ಊರಿನ ಹೆಸರು ಒಂದು ಕಾಲದಲ್ಲಿ ಗಾಳಗಾರರ ಲೋಕದಲ್ಲಿ ದೊಡ್ಡದು. ಗ್ರೀನ್‌ಹಾರ್ಟ್ ಎಂಬ ದಕ್ಷಿಣ ಅಮೆರಿಕದ ಗಟ್ಟಿಮರದಿಂದ ಎನ್‌ರೈಟ್ ಮನೆತನದವರು ಇಲ್ಲಿ ಮಾಡುತ್ತಿದ್ದ ಉದ್ದನೆಯ ಗಾಳದ ಕೋಲುಗಳಿಗೆ ಹೊರದೇಶದಿಂದಲೂ ಬೇಡಿಕೆಯಿತ್ತು. 'ಕಾಟ್' ಎಂಬ ಚಪ್ಪಟೆ ತಳದ ಮರದ ದೋಣಿಗಳಲ್ಲಿ ಶ್ರೀಮಂತ ಅತಿಥಿಗಳನ್ನು ಕೂರಿಸಿಕೊಂಡು, ಡೂನಾಸ್ ಕಡಿಬಂಡೆಗಳ ನಡುವಿನ ರಭಸದಲ್ಲಿ ಅಂಬಿಗರು ಜಲ್ಲೆ ಹಾಕುತ್ತಿದ್ದರು. ಆಗ ಇಡೀ ಶಾನನ್ ಈ ಬಂಡೆಗಳ ಮೇಲೆ ಹಾಯುತ್ತಿತ್ತು. 1925ರಲ್ಲಿ ಆರಂಭವಾಗಿ 1929ರಲ್ಲಿ ಮುಗಿದ ಆರ್ಡ್‌ನಕ್ರುಶಾ ಜಲವಿದ್ಯುತ್ ಯೋಜನೆ ಊರಿನ ಮೇಲುಗಡೆ ಪಾರ್ಟೀನ್ ಎಂಬಲ್ಲಿ ಒಡ್ಡು ಕಟ್ಟಿ ನದಿಯನ್ನು ಕಾಲುವೆಗೆ ತಿರುಗಿಸಿತು. ಹಳೆಯ ಪಾತ್ರಕ್ಕೆ ಸೆಕೆಂಡಿಗೆ 10 ಘನ ಮೀಟರ್ ನೀರನ್ನಾದರೂ ಬಿಡಬೇಕೆಂಬ ನಿಯಮ ಮಾತ್ರ ಉಳಿಯಿತು. ಆಗತಾನೇ ಸ್ವತಂತ್ರವಾಗಿದ್ದ ಬಡ ದೇಶದ ಮನೆಗಳಿಗೆ ದೀಪ ತಂದ ಆ ಕೆಲಸವನ್ನು ಹಳಿಯುವ ಧೈರ್ಯ ನನಗಿಲ್ಲ. ಈ ಊರಿನವರೂ ಹಳಿಯುವುದಿಲ್ಲ. ಆದರೆ ಹೊರಗಿನವರಿಗೆ ನದಿ ತೋರಿಸುವಾಗ ಎಂಥ ಸುಂದರ ನೀರು ಎಂದು ಅವರು ಹೊಗಳಿದರೆ, ಇದು ಮಿಕ್ಕ ನೀರು ಎಂದು ಮೆಲ್ಲಗೆ ತಿದ್ದುತ್ತಾರೆ. ಕಡಲಿನಿಂದ ಏರಿಬರುವ ಮೀನಿಗೂ ಹೆಚ್ಚು ನೀರು ನುಗ್ಗುವ ಕಡೆಯೇ ದಾರಿಯೆನಿಸುವುದರಿಂದ ಅದು ವಿದ್ಯುದಾಗಾರದ ಬಾಯಿಯತ್ತ ತಿರುಗಿಬಿಡುವುದುಂಟು. ಅಲ್ಲಿಂದ ಅದನ್ನು ಮೇಲಕ್ಕೆತ್ತಲು ಕಟ್ಟಿದ ವ್ಯವಸ್ಥೆ ಬಂದದ್ದು 1959ರಲ್ಲಿ, ಮೂವತ್ತು ವರ್ಷ ತಡವಾಗಿ.

ಗಾಳಗಾರರಿಗಿಂತ ಹೆಚ್ಚು ಶ್ರದ್ಧೆಯಿಂದ ಮೀನು ಹಿಡಿಯುವವರು ಈ ದಂಡೆಯಲ್ಲಿ ಇನ್ನೂ ಕೆಲವರಿದ್ದಾರೆ. ಕಾಲ್ನಡಿಗೆಯ ಸೇತುವೆಯ ಕೆಳಗಿನ ಕಲ್ಲಿನ ಮೇಲೆ ನಿಲ್ಲುವ ಬೂದು ಬಕನನ್ನು ನೋಡಿದರೆ ಬಕಧ್ಯಾನ ಎಂಬ ಮಾತಿನಲ್ಲಿ ನಾವು ಆ ಹಕ್ಕಿಗೆ ಅನ್ಯಾಯ ಮಾಡಿದ್ದೇವೆ ಎನಿಸುತ್ತದೆ. ಅದರ ಧ್ಯಾನದಲ್ಲಿ ಸೋಗೇನೂ ಇಲ್ಲ, ತನಗೆ ಮೀನು ಬೇಕೆಂಬುದನ್ನು ಅದು ಯಾರಿಂದಲೂ ಮುಚ್ಚಿಟ್ಟಿಲ್ಲ. ಮಿಂಚುಳ್ಳಿ ಕಾಣಿಸುವುದು ಅಪರೂಪ, ಕಂಡರೂ ನೀರಿನ ಮೇಲೆ ನೀಲಿ ಗೆರೆಯೆಳೆದು ಮಾಯವಾಗುತ್ತದೆ. ನಮ್ಮ ಕೆರೆಗಳ ಕಿರು ಮಿಂಚುಳ್ಳಿಯ ಜಾತಿಯೇ ಅದು ಎಂದು ತಿಳಿದ ದಿನ ನಾನು ಅದಕ್ಕೆ ಊರಿನ ನಂಟನಿಗೆ ಹೇಳುವಂತೆ ನಮಸ್ಕಾರ ಹೇಳಿದ್ದೇನೆ. ಮುಸ್ಸಂಜೆಯಲ್ಲಿ ಒಮ್ಮೆ ನೀರಿನಲ್ಲಿ ಬಾಣದ ತುದಿಯಂಥ ಅಲೆಯೊಂದು ಹರಿವಿಗೆ ಎದುರಾಗಿ ಬಂತು. ಹಿರಿಯರು ತುಟಿಯ ಮೇಲೆ ಬೆರಳಿಟ್ಟು 'ಮದ್ರ ಇಷ್ಕ' ಎಂದರು. ಐರಿಷ್ ಭಾಷೆಯಲ್ಲಿ ಮದ್ರ ಎಂದರೆ ನಾಯಿ, ಇಷ್ಕ ಎಂದರೆ ನೀರು. ನೀರುನಾಯಿ! ಎರಡು ಭಾಷೆಗಳು ಒಂದನ್ನೊಂದು ಕೇಳದೆಯೇ ಒಂದೇ ಹೆಸರಿಟ್ಟ ಆ ಪ್ರಾಣಿ ಕಲ್ಲಿನ ಮೇಲೇರಿ, ಹಾವಿನಂತೆ ಉದ್ದನೆಯ ಈಲ್ ಮೀನೊಂದನ್ನು ತಲೆಯ ಕಡೆಯಿಂದ ಕರಕರನೆ ಅಗಿದು ತಿಂದಿತು. 2009ರಿಂದ ಈ ದೇಶದಲ್ಲಿ ಈಲ್ ಹಿಡಿಯುವುದು ಮನುಷ್ಯರಿಗೆ ನಿಷಿದ್ಧ. ನೀರುನಾಯಿಗೆ ಯಾವ ಅಪ್ಪಣೆಯೂ ಬೇಕಿಲ್ಲ. (ಈ ದೇಶದಲ್ಲಿ ಹಾವಿಲ್ಲ ಎಂದು ಬಲ್ಲೆನಾದರೂ, ಅಂದು ಕತ್ತಲಲ್ಲಿ ಹುಲ್ಲು ತುಳಿದು ಮರಳುವಾಗ ನಾನು ಕಾಲು ಬಡಿಯುತ್ತಲೇ ನಡೆದೆ. ಮಲೆನಾಡಿನ ಕಾಲು.)

ಮನುಷ್ಯರಿಗೆ ಅಪ್ಪಣೆ ಬೇಕು. ಸಾಲ್ಮನ್ ಗಾಳಕ್ಕೆ ಸರ್ಕಾರದ ಪರವಾನಗಿ ಪಡೆದವರಿಗೆ ಒಂದು ದಾಖಲೆ ಪುಸ್ತಕ ಬರುತ್ತದೆ, ಇಟ್ಟುಕೊಳ್ಳುವ ಮೀನಿಗೆ ಸಿಕ್ಕಿಸಲು ಎಣಿಸಿಕೊಟ್ಟ ಪ್ಲಾಸ್ಟಿಕ್ ಪಟ್ಟಿಗಳು ಬರುತ್ತವೆ. ಮೀನು ಸಾಕಷ್ಟಿಲ್ಲದ ನದಿಗಳಲ್ಲಿ ಹಿಡಿದದ್ದನ್ನು ಕೊಕ್ಕೆ ಬಿಡಿಸಿ ನೀರಿಗೇ ಬಿಡಬೇಕು. ಕಡಲಿನಲ್ಲಿ ತೇಲುಬಲೆ ಹಾಕುವುದನ್ನು 2006ರ ಕೊನೆಗೆ ನಿಲ್ಲಿಸಿದ್ದಾರೆ. ಹಾಗಾಗಿ ಅಂಗಡಿಯಲ್ಲಿ ಹಳ್ಳಿಯವರು ಕೊಳ್ಳುವ ಸಾಲ್ಮನ್, ಬಹುಪಾಲು ಕಡಲ ಪಂಜರಗಳಲ್ಲಿ ಸಾಕಿದ್ದು. ಯೂರೋ ಬರುವವರೆಗೂ ಈ ದೇಶದ ಹತ್ತು ಪೆನ್ಸ್ ನಾಣ್ಯದ ಮೇಲೆ ಸಾಲ್ಮನ್ ಇತ್ತು. ಈಗ ಅದು ಜೇಬಿನಲ್ಲೂ ಇಲ್ಲ, ಹೊಳೆಯಲ್ಲೂ ಕಡಿಮೆ ಎಂದು ಹಿರಿಯರು ಹೇಳುವಾಗ ಆ ಧ್ವನಿಯಲ್ಲಿ ದೂರಿಗಿಂತ ಹೆಚ್ಚಾಗಿ ಮನೆಬಿಟ್ಟು ಹೋದ ಮಗನ ವಿಷಯ ಹೇಳುವ ಹದವಿರುತ್ತದೆ. ದಂಡೆಯಲ್ಲಿ ಎದುರಾದವರು ಎಷ್ಟು ಸಿಕ್ಕಿತು ಎಂದು ಎಂದೂ ಕೇಳುವುದಿಲ್ಲ. ಏನಾದರೂ ಕಂಡಿತೇ ಎಂದು ಕೇಳುತ್ತಾರೆ. ಕಂಡಿತು ಎಂದರೆ ಸಾಕು, ಕೆಳಗಿನ ಮಡುವಿನಲ್ಲಿ ಒಂದು ಹಾರಿದ್ದನ್ನು, ಅದರ ಮೈಯ ಬೆಳ್ಳಿಯನ್ನು, ನೀರು ಬಡಿದ ಸದ್ದನ್ನು ಇಬ್ಬರೂ ಮಳೆಯಲ್ಲೇ ನಿಂತು ಹಂಚಿಕೊಳ್ಳುತ್ತಾರೆ.

ಇಲ್ಲಿನ ಋತು ಮಾರ್ಚ್ 1ಕ್ಕೆ ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಕಳೆದ ವರ್ಷ ಮುಗಿದ ಮರುದಿನ ಹಿರಿಯರ ಮನೆಗೆ ಹೋದಾಗ ಅವರು ಅಡುಗೆಮನೆಯ ಮೇಜಿನ ಮೇಲೆ ದಾಖಲೆ ಪುಸ್ತಕ ತೆರೆದಿಟ್ಟು, ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಏನೂ ಸಿಗದಿದ್ದರೂ ಪುಸ್ತಕವನ್ನು ತುಂಬಿ ಹಿಂದಿರುಗಿಸಲೇಬೇಕಂತೆ. ಏಳು ತಿಂಗಳ ಲೆಕ್ಕವನ್ನು ಅವರು ಒಂದು ದುಂಡು ಸೊನ್ನೆಯಾಗಿ ಬರೆದು, ಶಾಯಿ ಆರಲೆಂದು ಊದಿ, ಬಳಸದೆ ಉಳಿದ ಪಟ್ಟಿಗಳನ್ನು ಎರಡು ಸಲ ಎಣಿಸಿ ಲಕೋಟೆಗೆ ಹಾಕಿದರು. ಆಮೇಲೆ ಕೆಟಲ್ ಇಟ್ಟು, ಮಾರ್ಚಿಗೆ ಎಷ್ಟು ವಾರ ಉಳಿದಿವೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ನೋಡತೊಡಗಿದರು. ಅದರಲ್ಲಿ ಡಿಸೆಂಬರಿನಾಚೆಗೆ ಹಾಳೆಗಳಿರಲಿಲ್ಲ.